ಐದುನೂರ ಏಳರ ಐಬು

ತಲೆಯ ಮೇಲೆ ಮಡಚಿಟ್ಟ ಪುಟ್ಟ ಟವೆಲ್ ಬಿಟ್ಟರೆ ಮೈಮೇಲೆ ಒಂದೆಳೆ ದಾರವೂ ಇಲ್ಲದ ಸ್ಥಿತಿಯಲ್ಲಿ, ಬಿಸಿನೀರಿನ ಕೊಳದೊಳಗೆ ಕತ್ತಿನವರೆಗೆ ಮುಳುಗಿ ಕೂತು, ಇನೊಮತಾ ತೆತ್ಸುರೊ ಅವರು ನೀರಿನಡಿಯಲ್ಲಿ ಒಂದು ಫ್ಲಾಸ್ಕನ್ನು ಗುಟ್ಟಾಗಿ ತುಂಬಿಸಿಕೊಳ್ಳುತ್ತಿದ್ದರು. ಗುಟ್ಟಿನ ಬಗ್ಗೆ ಅವರಿಗಿದ್ದ ಕಾಳಜಿ ಫ್ಲಾಸ್ಕಿಗಿರಲಿಲ್ಲ. ಅದು ಬಾಯಾರಿದ ಎಮ್ಮೆಯ ಹಾಗೆ ಗುಳುಗುಳು ಸದ್ದು ಮಾಡುತ್ತ ದೊಡ್ಡ ದೊಡ್ಡ ಗುಳ್ಳೆಗಳನ್ನು ಮೇಲಕ್ಕೆ ಕಳಿಸಿತು. ಹತ್ತು ಜನ ಕೂತ ಸ್ನಾನದ ಕೊಳದಲ್ಲಿ ಒಬ್ಬ ಗೃಹಸ್ಥ ಕೂತ ಜಾಗದಿಂದ ಮಾತ್ರ ಗುಳ್ಳೆ ಏಳತೊಡಗಿದರೆ ನೋಡಿದವರು ಏನೆಂದುಕೊಳ್ಳುತ್ತಾರೋ, ಎಲ್ಲರೂ ಅದನ್ನೇ ಅಂದುಕೊಂಡರು. ಸಭ್ಯರಾದ್ದರಿಂದ ತಲೆಯೆತ್ತಿ ಚಾವಣಿ ನೋಡಿದರು. ಒಬ್ಬರು ಮೆಲ್ಲಗೆ ಆಚೆ ಸರಿದರು.

ಮಾನ ಉಳಿಸಿಕೊಳ್ಳಲು ಇನೊಮತಾ ಅವರು ಫ್ಲಾಸ್ಕನ್ನು ಮೇಲೆತ್ತಿ ತೋರಿಸಲೇಬೇಕಾಯಿತು.

"ಅದೇನು, ಇನೊಮತಾ-ಸಾನ್?" ಎಂದರು ಪಕ್ಕದಲ್ಲಿದ್ದ ಕೊಗುರೆ ಅಜ್ಜ. ಒಂದು ಕಾಲದಲ್ಲಿ ಕ್ಷೌರದಂಗಡಿ ಇಟ್ಟಿದ್ದವರು, ಈಗ ಅವರ ತಲೆಯಲ್ಲೇ ಕ್ಷೌರಕ್ಕೆ ಕೆಲಸವಿಲ್ಲ.

"ಚಹಾ."

"ನೀರೊಳಗೆ?"

"ಆರಬಾರದು ಅಂತ."

ಇನೊಮತಾ ಅವರು ವಿಮಾ ಕಂಪನಿಯೊಂದರಲ್ಲಿ ಪರಿಹಾರದ ಅರ್ಜಿಗಳನ್ನು ಪರೀಕ್ಷಿಸುವ ಕೆಲಸದಲ್ಲಿ ತಲೆ ನರೆಸಿದವರು. ಲೋಕದ ಸುಳ್ಳುಗಳನ್ನೆಲ್ಲ ಕೇಳಿದ್ದ ಅವರ ಅನುಭವಿ ಕಿವಿಗೆ, ಇಷ್ಟು ಕಳಪೆ ಸುಳ್ಳು ಯಾವ ಬೆಂಕಿ ಅನಾಹುತದ ಅರ್ಜಿಯಲ್ಲೂ ಬಿದ್ದಿರಲಿಲ್ಲ. ಕೊಗುರೆ ಅಜ್ಜ ನೋಡುತ್ತಲೇ ಇದ್ದರು. ಚಹಾ ಎಂದ ಮೇಲೆ ಕುಡಿಯದೆ ಉಪಾಯವಿಲ್ಲ. ಇನೊಮತಾ ಅವರು ಎರಡು ಗುಟುಕು ಕುಡಿದರು. ತುಕ್ಕು ಹಿಡಿದ ಮೊಳೆಗಳನ್ನು ಉಪ್ಪು ಹಾಕಿ ಬೇಯಿಸಿದಂತಿತ್ತು.

"ಕುಡಿಯೋದು ಒಳ್ಳೇದೇ," ಎಂದು ಅಜ್ಜ ತಲೆದೂಗಿದರು. "ಹೊಟ್ಟೆಗೆ ಬಹಳ ಹಿತ. ನಾವೂ ದಿನಾ ಒಂದು ಲೋಟ ಕುಡೀತೀವಿ. ಆದ್ರೆ ನಾವು ಅಲ್ಲಿ, ಕಲ್ಲಿನ ಬಾಯಿಂದ ಬೀಳುತ್ತಲ್ಲ, ಅಲ್ಲಿ ಹಿಡ್ಕೋತೀವಿ. ನೀವು ಹಿಡಿದದ್ದು ಮಾಗೋಮೆ-ಸಾನ್ ಕೂತಿರೋ ಕಡೆ."

ಆ ಕಡೆ ಕೂತಿದ್ದ ನಿವೃತ್ತ ಸಂಗೀತ ಮೇಷ್ಟ್ರು ಮಾಗೋಮೆ ಅವರು ಗಲ್ಲ ನೀರಿಗೆ ತಾಗುವಷ್ಟು ಬಗ್ಗಿ, "ಕ್ಷಮಿಸಿ, ನನ್ನಿಂದ ತೊಂದರೆ ಆಯ್ತು," ಎಂದರು.

ಇಷ್ಟಕ್ಕೆಲ್ಲ ಕಾರಣ ಸಂಶಯ. ಇನೊಮತಾ ಅವರಿಗಿದ್ದದ್ದು ಲಘುಶಂಕೆಯಲ್ಲ, ದೀರ್ಘಶಂಕೆಯೂ ಅಲ್ಲ, ಚಿರಶಂಕೆ. ಯಾರಾದರೂ 'ಶುಭೋದಯ' ಎಂದರೆ ಮೊದಲು ಕಿಟಕಿಯಾಚೆ ನೋಡಿ ಬೆಳಗಾಗಿದೆಯೇ ಎಂದು ಖಚಿತಪಡಿಸಿಕೊಂಡು ಆಮೇಲೆ ಮರುವಂದನೆ ಹೇಳುವ ಪೈಕಿ. ಮದುವೆಯ ಮಾತುಕತೆಯಲ್ಲಿ ಸುಮಿಯೆ ಅವರ ಫೋಟೋ ತಂದುಕೊಟ್ಟಾಗ, ಫೋಟೋ ಹಿಂದೆ ತಿರುಗಿಸಿ ಯಾವ ವರ್ಷ ತೆಗೆದದ್ದು ಎಂದು ನೋಡಿದ್ದರಂತೆ. (ಸುಮಿಯೆ ಇದನ್ನು ಈಗಲೂ ಹೇಳುತ್ತಾರೆ. ಎಲ್ಲರಿಗೂ ಹೇಳುತ್ತಾರೆ.)

ಅಂಥ ಮನುಷ್ಯನಿಗೆ ಅವರ ಹೆಂಡತಿ ಒಂದು ದಿನ, ಇಝು ಕರಾವಳಿಯ ಯುಗಾಸಾಕಿ ಎಂಬ ಬಿಸಿನೀರೂರಿನಲ್ಲಿ, ಒಂದು ಫ್ರಿಜ್ಜಿನ ಬೆಲೆಗೆ ಒಂದು ಮನೆ ಸಿಕ್ಕಿದೆ ಎಂದರೆ ಏನಾಗಬೇಕು?

ಕಟ್ಟಡದ ಹೆಸರು 'ಗ್ರ್ಯಾಂಡ್ ಮೊನಾಕೊ'. ದೇಶದಲ್ಲಿ ಎಲ್ಲರ ಜೇಬೂ ಉಬ್ಬಿದ್ದ ಕಾಲದಲ್ಲಿ ಟೋಕಿಯೋದ ಕುಳಗಳು ವಾರಾಂತ್ಯಕ್ಕೆ ಬಂದು ಬೇಯಲೆಂದು ಕಟ್ಟಿಸಿದ್ದು. ಆಮೇಲೆ ಜೇಬುಗಳು ಇಳಿದವು, ಕುಳಗಳು ಮಾಯವಾದರು, ನೀರು ಮಾತ್ರ ಬೇಯುತ್ತಲೇ ಉಳಿಯಿತು. ಈಗ ಅಲ್ಲಿ ನೆಲೆ ನಿಂತಿರುವವರೆಲ್ಲ ಮಂಡಿನೋವಿನವರು, ಸೊಂಟನೋವಿನವರು, ಮತ್ತು ಎರಡೂ ಇರುವವರು. ನೆಲಮಾಳಿಗೆಯಲ್ಲಿ ಸ್ನಾನದ ಕೊಳ, ಮೇಲೆ ಹತ್ತು ಅಂತಸ್ತು, ಐದನೆಯದರಲ್ಲಿ ಏಳನೇ ಬಾಗಿಲು, ಅಂದರೆ ಐದುನೂರ ಏಳು, ಇವರದ್ದು. ಕಿಟಕಿ ತೆಗೆದರೆ ಸಮುದ್ರ.

"ಇಷ್ಟು ಅಗ್ಗ ಯಾಕೆ?" ಎಂದು ಇನೊಮತಾ ಅವರು ಮೊದಲ ದಿನವೇ ಕೇಳಿದರು.

"ಇಲ್ಲಿ ಎಲ್ಲಾ ಮನೇನೂ ಅಷ್ಟೇ ರೀ. ಮಾರೋರು ಜಾಸ್ತಿ, ಕೊಳ್ಳೋರು ಕಮ್ಮಿ."

"ಅದೇ ಕೇಳ್ತಿರೋದು. ಮಾರೋರು ಯಾಕೆ ಜಾಸ್ತಿ?"

"ಕೊಳ್ಳೋರು ಕಮ್ಮಿ ಇರೋದ್ರಿಂದ."

ಈ ತರ್ಕವನ್ನು ಭೇದಿಸಲಾಗದೆ ಅವರು ಒಂದು ಷರತ್ತು ಹಾಕಿದರು. ಕವಾಗುಚಿಯ ತಮ್ಮ ಹಳೆಯ ಮನೆಯನ್ನು ಕೊಳ್ಳಲು ಒಬ್ಬರು ಕಾದಿದ್ದರು, ಪ್ಲಮ್ ಹೂ ಉದುರುವುದರೊಳಗೆ ಅವರಿಗೆ ಉತ್ತರ ಹೇಳಬೇಕಿತ್ತು. ಅಷ್ಟರೊಳಗೆ ಐದುನೂರ ಏಳರಲ್ಲಿ ತಾನು ಒಂದು ನಿಜವಾದ ಐಬು ಹುಡುಕಿ ತೋರಿಸಿದರೆ ಗಂಟುಮೂಟೆ ಕಟ್ಟಿ ಕವಾಗುಚಿಗೆ ವಾಪಸ್. ತೋರಿಸಲಾಗದಿದ್ದರೆ ಹಳೇ ಮನೆಯ ಮಾರಾಟದ ಕಾಗದಕ್ಕೆ ತಾನೇ ಮೊಹರು ಒತ್ತಿ, ಉಳಿದ ಆಯುಷ್ಯವೆಲ್ಲ ಇಲ್ಲಿ ಬೇಯುವುದು. ಸುಮಿಯೆ ಒಪ್ಪಿದರು. ಇಲ್ಲಿಗೆ ಬಂದ ಮೇಲೆ ಅವರ ಮಂಡಿಗಳು ಮದುವೆಯಾದ ಹೊಸತರಲ್ಲಿನ ಹಾಗೆ ಮಡಚುತ್ತಿದ್ದವು. ಅವನ್ನು ಕವಾಗುಚಿಯ ಮೆಟ್ಟಿಲುಗಳಿಗೆ ಮತ್ತೆ ಒಪ್ಪಿಸುವ ಯೋಚನೆಯೇ ಅವರಿಗಿರಲಿಲ್ಲ. ಇನೊಮತಾ ಅವರಿಗೋ, ಕವಾಗುಚಿಯ ಮನೆ ಎಂದರೆ ಪ್ರತಿ ಬಿರುಕಿನ ಪೂರ್ವಾಪರ ಗೊತ್ತಿರುವ ಮನೆ. ಅಪರಿಚಿತ ಬಿರುಕುಗಳ ನಡುವೆ ಮುದಿತನ ಕಳೆಯುವುದು ಅವರಿಗೆ ಸಾಧ್ಯವಿರಲಿಲ್ಲ.

ತನಿಖೆ ಶುರುವಾಯಿತು.

ಮೊದಲನೆಯದು, ನೀರು. ಬುಗ್ಗೆಯ ನೀರೆಂದು ಹೇಳಿ ನಲ್ಲಿ ನೀರನ್ನೇ ಕಾಯಿಸಿ ಬಿಡುತ್ತಿರಬಹುದು, ಫ್ಲಾಸ್ಕಿನಲ್ಲಿ ಹಿಡಿದು ಪರೀಕ್ಷೆ ಮಾಡಿಸಬೇಕು. ಅದರ ಗತಿ ಮೇಲೆ ಹೇಳಿದ್ದೇನೆ. ನೆಲದಿಂದ ಬರುವ ನೀರು ಎನ್ನುವುದಕ್ಕೆ ಅವರ ಹೊಟ್ಟೆ ಮರುದಿನವಿಡೀ ಸಾಕ್ಷಿ ನುಡಿಯಿತು.

ಎರಡನೆಯದು, ಸಾವು. ಯಾರೋ ಇಲ್ಲಿ ಸತ್ತಿರಬೇಕು, ಅದಕ್ಕೇ ಅಗ್ಗ. ಅವರು ಚಾಪೆಗಳನ್ನೆಲ್ಲ ಎತ್ತಿ ಕಲೆ ಹುಡುಕಿದರು. ಗೋಡೆಗೆ ಕಿವಿಯಿಟ್ಟರು.

"ಏನು ಕೇಳಿಸ್ತಿದೆ?" ಎಂದರು ಸುಮಿಯೆ, ತರಕಾರಿ ಹೆಚ್ಚುತ್ತ.

"ಯಾರೋ ನರಳ್ತಿದಾರೆ."

"ಪಕ್ಕದ ಮನೆಯವರು ಕಾಲುಚೀಲ ಹಾಕ್ಕೊಳ್ತಿದಾರೆ. ಬಗ್ಗೋಕಾಗಲ್ಲ ಪಾಪ. ಹೋಗಿ ಸ್ವಲ್ಪ ಸಹಾಯ ಮಾಡಿ ಬನ್ನಿ."

"ಹಿಂದಿನ ಯಜಮಾನ ಹೇಗೆ ಸತ್ತ ಅಂತ ಕೇಳಿದ್ಯಾ?"

"ಅವರು ನಗೋಯಾದಲ್ಲಿ ಮಗಳ ಮನೇಲಿದಾರೆ. ನಿನ್ನೆ ಫೋನ್ ಮಾಡಿದ್ರು. ನಿಮಗೂ ನಮಸ್ಕಾರ ಹೇಳಿದ್ರು."

"ಸತ್ತಿಲ್ವಾ?"

"ಕ್ಷಮಿಸಿ ಅಂತ ಹೇಳ್ಲಾ ಅವರಿಗೆ?"

ಮೂರನೆಯದೇ ಅವರನ್ನು ನಿಜವಾಗಿ ಕಾಡಿದ್ದು. ಅದು ಒಳ್ಳೆಯತನ. ಬೆಳಿಗ್ಗೆ ಬಾಗಿಲು ತೆರೆದರೆ ಹಿಡಿಕೆಗೆ ಒಂದು ಚೀಲ ನೇತಾಡುತ್ತಿರುತ್ತಿತ್ತು. ಒಂದು ದಿನ ಕಿತ್ತಳೆ, ಒಂದು ದಿನ ಒಣಮೀನು, ಇನ್ನೊಂದು ದಿನ ತೊಡೆಗಾತ್ರದ ಮೂಲಂಗಿ. ಹೆಸರಿಲ್ಲ, ಚೀಟಿಯಿಲ್ಲ. ಇನೊಮತಾ ಅವರು ಆ ಮೂಲಂಗಿಯ ಮೂಲ ಹುಡುಕುತ್ತ ಹತ್ತೂ ಅಂತಸ್ತು ಹತ್ತಿಳಿದರು. ಸಿಕ್ಕವರೆಲ್ಲ "ಓ, ಚೆನ್ನಾಗಿತ್ತಾ?" ಎಂದು ಕೇಳಿದರೇ ಹೊರತು ಕೊಟ್ಟದ್ದು ತಾವೆಂದು ಯಾರೂ ಒಪ್ಪಲಿಲ್ಲ.

"ಸುಮ್ಮಸುಮ್ಮನೆ ಯಾರಾದ್ರೂ ಯಾರಿಗಾದ್ರೂ ಮೂಲಂಗಿ ಕೊಡ್ತಾರಾ?" ಎಂದು ಅವರು ಊಟಕ್ಕೆ ಕೂತಾಗ ಕೇಳಿದರು.

"ಕೊಡ್ತಾರೆ. ತಿನ್ನಿ."

"ನೀನು ಮೊದಲು ತಿನ್ನು."

ಸುಮಿಯೆ ತಿಂದರು. ಇನೊಮತಾ ಅವರು ಸ್ವಲ್ಪ ಹೊತ್ತು ಅವರನ್ನೇ ಗಮನಿಸಿದರು. ಏನೂ ಆಗದ್ದು ಕಂಡು ತಾವೂ ತಟ್ಟೆ ಎಳೆದುಕೊಂಡರು. ಅಷ್ಟರಲ್ಲಿ ಸುಮಿಯೆ ಒಳ್ಳೊಳ್ಳೆಯ ತುಂಡುಗಳನ್ನೆಲ್ಲ ಮುಗಿಸಿದ್ದರು.

ಕೊಳದಲ್ಲಂತೂ ಉಪಚಾರ ಮಿತಿ ಮೀರಿತು. ನೀರು ಬೀಳುವ ಕಲ್ಲಿನ ಪಕ್ಕದ ಜಾಗ, ಹತ್ತಿಪ್ಪತ್ತು ವರ್ಷ ಬೆಂದವರಿಗೆ ಮಾತ್ರ ಸಲ್ಲುವ ಸಿಂಹಾಸನ, ಅದನ್ನು ಇವರಿಗೆ ಬಿಟ್ಟುಕೊಟ್ಟರು. ಮಾಗೋಮೆ ಮೇಷ್ಟ್ರು ತಾವಾಗಿ ಬಂದು ಬೆನ್ನುಜ್ಜಿದರು. ಉಜ್ಜುತ್ತ ಪ್ರಶ್ನೆ ಕೇಳಿದರು.

"ಇನೊಮತಾ-ಸಾನ್, ನಿಮ್ಮ ಮಂಡಿ ಹೇಗಿದೆ?"

"ಚೆನ್ನಾಗಿದೆ."

"ಮೆಟ್ಟಿಲು ಹತ್ತುತ್ತೀರಾ?"

"ಹತ್ತುತ್ತೇನೆ."

"ಆಹಾ," ಎಂದರು ಸುತ್ತ ಕೂತವರೆಲ್ಲ, ಒಂದೇ ಉಸಿರಲ್ಲಿ.

"ಅಕ್ಷರ ದುಂಡಗಿದೆಯಾ?" ಎಂದರು ಕೊಗುರೆ ಅಜ್ಜ. "ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಾ? ಮಧ್ಯೆ ಯಾರಾದ್ರೂ ಎಬ್ಬಿಸಿದ್ರೆ ಸಿಟ್ಟು ಬರುತ್ತಾ?"

ಎಬ್ಬಿಸುವವರು ಯಾರು? ಯಾಕೆ ಎಬ್ಬಿಸುತ್ತಾರೆ? ಇನೊಮತಾ ಅವರ ಉಜ್ಜಿದ ಬೆನ್ನಿನ ಮೇಲೆ ಮುಳ್ಳೆದ್ದವು. ಇದು ಹೊಸ ಮತವೊಂದರ ಸಂಚಿರಬಹುದೇ? ಅಥವಾ ಮುದುಕರಿಗೆ ಅಯಸ್ಕಾಂತದ ಹಾಸಿಗೆ ಮಾರುವ ಜಾಲವೇ? ನಿದ್ದೆಯ ಬಗ್ಗೆ ಕೇಳಿದ್ದರಿಂದ ಹಾಸಿಗೆಯೇ ಇರಬೇಕೆಂದು ತೀರ್ಮಾನಿಸಿ ಅವರು ಎದೆ ಗಟ್ಟಿಮಾಡಿಕೊಂಡರು. ಯಾರೂ ಹಾಸಿಗೆ ತರಲಿಲ್ಲ. ಅದರಿಂದ ಸಂಶಯ ಇನ್ನೂ ಹೆಚ್ಚಾಯಿತು.

ಗಂಡಸರ ಕೊಳಕ್ಕೂ ಹೆಂಗಸರ ಕೊಳಕ್ಕೂ ನಡುವೆ ಇದ್ದದ್ದು ಚಾವಣಿ ಮುಟ್ಟದ ಒಂದು ಗೋಡೆ. ಹೆಂಚುಬಿಲ್ಲೆಯ ಆ ಗೋಡೆಯ ಮೇಲಿಂದ ಹಬೆ, ನಗು ಮತ್ತು ಗೃಹಕೃತ್ಯ ಮೂರೂ ಧಾರಾಳವಾಗಿ ಹಾಯುತ್ತಿದ್ದವು.

"ರೀ, ಹೊರಡೋಣ್ವಾ?" ಎಂದು ಸುಮಿಯೆ ಆ ಕಡೆಯಿಂದ ಕೂಗುವರು.

"ಐದು ನಿಮಿಷ."

"ಬೇಗ ಬನ್ನಿ. ಹೋದ ಸಲ ತಲೆ ತಿರುಗಿ ಚಪ್ಪಲಿ ಅದಲುಬದಲು ಮಾಡ್ಕೊಂಡು ಬಂದಿದ್ರಿ."

ಈ ಕಡೆ ಹತ್ತು ಗಂಡಸರು ಕೇಳಿಸದವರಂತೆ ಕಣ್ಣು ಮುಚ್ಚುವರು. ಹೆಂಗಸರ ಕಡೆ ಮಾತ್ರ ಮುಚ್ಚುಮರೆಯಿಲ್ಲ, ಗೊಳ್ಳನೆ ನಗುವರು. ಸುಮಿಯೆ ಬಂದ ವಾರದಲ್ಲೇ ಆ ಕೊಳಕ್ಕೆ ಅಘೋಷಿತ ಮಹಾರಾಣಿಯಾಗಿದ್ದರು. ಯಾರ ಸೊಸೆ ಯಾರಿಗೆ ಏನಂದಳು ಎನ್ನುವುದರಿಂದ ಹಿಡಿದು ಲಿಫ್ಟಿನ ಮುನಿಸಿನವರೆಗೆ ಎಲ್ಲ ಅವರ ಮುಂದೆ ಬಂದು ಇತ್ಯರ್ಥವಾಗುತ್ತಿತ್ತು. ಗೋಡೆಯ ಈಚೆ ಕೂತ ಗಂಡ ಇದನ್ನೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಗಮನಿಸುತ್ತಿದ್ದರು.

ಪ್ಲಮ್ ಮರಗಳು ಹೂಬಿಟ್ಟವು. ಇನೊಮತಾ ಅವರ ಕೈಯಲ್ಲಿ ಒಂದು ಐಬೂ ಇಲ್ಲ. ಒಂದು ಮಧ್ಯಾಹ್ನ ಸ್ನಾನ ಮುಗಿಸಿ ಬಟ್ಟೆ ಹಾಕುವ ಕೋಣೆಯಲ್ಲಿ ಮೈ ಒತ್ತುವ ಕುರ್ಚಿಯಲ್ಲಿ ಕೂತಿದ್ದಾಗ ಕುರ್ಚಿ ಕೆಟ್ಟು ನಿಂತಿತು. ಅದರ ಗಡಗಡ ನಿಂತ ನಿಶ್ಶಬ್ದದಲ್ಲಿ, ಬಟ್ಟೆಬುಟ್ಟಿಗಳ ಕಪಾಟಿನ ಆಚೆಯಿಂದ ಎರಡು ಪರಿಚಿತ ದನಿಗಳು ಕೇಳಿಬಂದವು.

"ಇನೊಮತಾ-ಸಾನ್‌ಗೆ ಇನ್ನೂ ಗೊತ್ತಿಲ್ಲ ತಾನೆ?" ಇದು ಮಾಗೋಮೆ ಮೇಷ್ಟ್ರು.

"ಗೊತ್ತಾಗಬಾರದು. ಗೊತ್ತಾದ್ರೆ ಓಡ್ತಾರೆ. ಹೋದ ವರ್ಷದವರು ನೆನಪಿದೆಯಲ್ಲ?" ಇದು ಕೊಗುರೆ ಅಜ್ಜ.

"ಮೂರನೇ ಅಂತಸ್ತಿನವರು. ಪಾಪ. ಒಂದು ಮಾತೂ ಹೇಳದೆ ಹೋಗಿಬಿಟ್ರು."

"ಈ ಸಲ ಹಾಗಾಗಬಾರದು. ಭಾನುವಾರದ ಸಭೆವರೆಗೆ ಸುಮ್ಮನಿರೋಣ."

ಇನೊಮತಾ ಅವರು ಒದ್ದೆ ತಲೆಯಲ್ಲೇ ಐದಂತಸ್ತು ಹತ್ತಿದರು. ಲಿಫ್ಟನ್ನೂ ನಂಬಲಿಲ್ಲ. ಕಿವಿಗೆ ಬಿದ್ದದ್ದನ್ನೆಲ್ಲ ಹೆಂಡತಿಯ ಮುಂದೆ ಒಪ್ಪಿಸಿ, "ಈಗೇನಂತೀಯ? ಒಬ್ಬ ಮನುಷ್ಯ ಮಾಯ ಆಗಿದಾನೆ. ಭಾನುವಾರ ನನ್ನ ಸರದಿ," ಎಂದರು.

ಸುಮಿಯೆ ಬಟ್ಟೆ ಮಡಚುತ್ತಿದ್ದರು. "ಹೌದಾ?" ಎಂದರು. "ಹಾಗಾದ್ರೆ ಭಾನುವಾರ ಆ ಬೂದು ಬಣ್ಣದ ಕೋಟು ಹಾಕ್ಕೊಳ್ಳಿ."

ಗಂಡನ ಪ್ರಾಣಾಪಾಯದ ವಾರ್ತೆಗೆ ಕೋಟು ಸೂಚಿಸುವ ಹೆಂಡತಿಯನ್ನು ಯಾವ ತನಿಖಾಧಿಕಾರಿಯಾದರೂ ತಕ್ಷಣ ಒಳಗೆ ಕರೆದು ವಿಚಾರಿಸುತ್ತಿದ್ದ. ಇನೊಮತಾ ಅವರ ಅಧಿಕಾರವ್ಯಾಪ್ತಿಯಲ್ಲಿ ಸ್ವಂತ ಹೆಂಡತಿ ಬರುತ್ತಿರಲಿಲ್ಲ. ಯಾವ ಗಂಡನ ವ್ಯಾಪ್ತಿಯಲ್ಲಿ ಬರುತ್ತಾಳೆ ಬಿಡಿ.

ಭಾನುವಾರ ಮನೆಮಾಲೀಕರ ಸಂಘದ ವಾರ್ಷಿಕ ಮಹಾಸಭೆ. ಕೆಳಗಿನ ಪಡಸಾಲೆಯಲ್ಲಿ, ಅರ್ಧ ದೀಪಗಳು ಮಾತ್ರ ಹೊತ್ತುವ ಗಾಜಿನ ಗೊಂಚಲಿನ ಕೆಳಗೆ, ಮಡಚು ಕುರ್ಚಿಗಳು. ಹೋದ ವರ್ಷದಿಂದ ಅಧ್ಯಕ್ಷರಿಲ್ಲದ್ದರಿಂದ ಕೊಗುರೆ ಅಜ್ಜನೇ ಸಭೆ ನಡೆಸಿದರು. ಪಂಪಿನ ವಿಷಯ ಓದಿದರು, "ಆಕ್ಷೇಪಣೆ?" ಎಂದರು. "ಇಲ್ಲ," ಎಂದಿತು ಸಭೆ. ಕಾಡುಹಂದಿ ಕಸದ ಡಬ್ಬ ಉರುಳಿಸುವ ವಿಷಯ ಓದಿದರು. ಆಕ್ಷೇಪಣೆ ಇಲ್ಲ. (ಹಂದಿಯನ್ನು ಕೇಳಿರಲಿಲ್ಲ.)

ಇಂಥ ಸಭೆಗಳಲ್ಲಿ ಬಾಯಿ ಬಿಡಬಾರದು ಎನ್ನುವುದು ಜಪಾನಿನಲ್ಲಿ ಹಾಲುಗಲ್ಲದ ಕೂಸಿಗೂ ಗೊತ್ತು. ಗೊತ್ತಿದ್ದೂ ಒಂದು ಪ್ರಶ್ನೆ ಕೇಳಿದವನ ಕೊರಳಿಗೆ ಆ ಪ್ರಶ್ನೆಯ ಕೆಲಸವನ್ನೇ ಕಟ್ಟುತ್ತಾರೆ. ಕವಾಗುಚಿಯಲ್ಲಿ ಇಪ್ಪತ್ತು ವರ್ಷ ಇಂಥವೇ ಸಭೆಗಳಲ್ಲಿ ಇನೊಮತಾ ಅವರು ತಮ್ಮ ಬೂಟಿನ ತುದಿ ನೋಡುತ್ತ ಸುರಕ್ಷಿತವಾಗಿ ಬದುಕಿದ್ದರು. ಆದರೆ ಇವತ್ತು ಪ್ರಶ್ನೆ ಪ್ರಾಣದ್ದು. ಹೂ ಉದುರಲು ಶುರುವಾಗಿದೆ, ಕೈಗೆ ಸಿಕ್ಕ ಏಕೈಕ ಐಬು ಇದು. ಅವರು ಎದ್ದು ನಿಂತರು.

"ಒಂದು ಪ್ರಶ್ನೆ."

ಇಡೀ ಸಭೆ ಉಸಿರು ಬಿಗಿಹಿಡಿಯಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಎದೆಯ ಮೇಲೆ ಕೈಯಿಟ್ಟುಕೊಂಡರು.

"ಹೋದ ವರ್ಷ ಮೂರನೇ ಅಂತಸ್ತಿನಲ್ಲಿದ್ದವರು ಎಲ್ಲಿ?"

ಕೊಗುರೆ ಅಜ್ಜನ ಮುಖ ಬಾಡಿತು. "ಕೇಳ್ತೀರಿ ಅಂತ ಗೊತ್ತಿತ್ತು," ಎಂದರು. "ಅವರನ್ನ ಅಧ್ಯಕ್ಷರಾಗಿ ಅಂತ ಕೇಳಿದ್ವಿ. ಮಾರನೇ ದಿನ ನೋಡಿದ್ರೆ ಮನೆ ಖಾಲಿ. ಈಗ ಚೀಬಾದಲ್ಲಿ ತಮ್ಮನ ಹತ್ರ ಇದಾರಂತೆ. ನಮ್ಮ ತಪ್ಪು. ಆತುರಪಟ್ವಿ. ಮೊದಲು ಮೂಲಂಗಿ ಕೊಡಬೇಕಿತ್ತು."

"ಅಂದ್ರೆ ಸಾವು, ಸಂಚು, ಹಾಸಿಗೆ..."

"ಹಾಸಿಗೆ ಯಾವುದು?"

ಇನೊಮತಾ ಅವರು ತಬ್ಬಿಬ್ಬಾದರು. ಆದರೆ ನಿಂತಾಗಿತ್ತು. ನಿಂತ ತನಿಖಾಧಿಕಾರಿ ಏನಾದರೂ ಕೇಳಲೇಬೇಕು. "ಪಂಪು ಕೆಟ್ಟರೆ ಯಾರು ನೋಡೋದು?" ಎಂದರು. "ಮೈ ಒತ್ತೋ ಕುರ್ಚಿ ನಿಂತಿದೆ, ಅದನ್ನ ಯಾರಿಗೆ ಹೇಳೋದು? ಗೊಂಚಲಿನಲ್ಲಿ ಅರ್ಧ ದೀಪ ಯಾಕಿಲ್ಲ?" ಒಂದೊಂದು ಪ್ರಶ್ನೆಗೂ ಸಭೆಯ ಮುಖ ಅರಳುತ್ತ ಹೋಯಿತು. ಬರಗಾಲದಲ್ಲಿ ಮೋಡ ಕಂಡವರ ಹಾಗೆ ಎಲ್ಲರೂ ಇವರತ್ತ ತಲೆಯೆತ್ತಿದರು.

"ಇಷ್ಟೊಂದು ಕಾಳಜಿ ಇರೋರು ನಮಗೆ ಹಿಂದೆಂದೂ ಸಿಕ್ಕಿರಲಿಲ್ಲ," ಎಂದರು ಕೊಗುರೆ ಅಜ್ಜ. "ಇನೊಮತಾ-ಸಾನ್ ಅಧ್ಯಕ್ಷರಾಗಲಿ ಅನ್ನೋದಕ್ಕೆ ಆಕ್ಷೇಪಣೆ?"

"ಇಲ್ಲ," ಎಂದಿತು ಸಭೆ, ಅಜ್ಜ ಮಾತು ಮುಗಿಸುವ ಮೊದಲೇ.

ನನಗಿದೆ ಎನ್ನಲು ಇನೊಮತಾ ಅವರು ಬಾಯಿ ತೆರೆದರು. ಅಷ್ಟರಲ್ಲಿ ಇಡೀ ಸಭೆ ಎದ್ದುನಿಂತು ಅವರಿಗೆ ಆಳವಾಗಿ ಬಗ್ಗಿ ವಂದಿಸಿತು. ಕೀಲುಗಳು ಲಟಲಟ ಎಂದವು. ಸೊಂಟ ಹಿಡಿದವರೂ ಬಗ್ಗಿದರು. ಒಂದು ಆಯುಷ್ಯವೆಲ್ಲ ಕಚೇರಿಯಲ್ಲಿ ದುಡಿದ ಬೆನ್ನು ಇನೊಮತಾ ಅವರದ್ದು. ಎದುರಿಗೆ ಯಾರಾದರೂ ಬಗ್ಗಿದರೆ ಅದು ಯಜಮಾನನ ಅಪ್ಪಣೆಗೆ ಕಾಯುವುದಿಲ್ಲ. ಬಾಯಿ 'ಆಕ್ಷೇ' ಎನ್ನುತ್ತಿರುವಾಗಲೇ ಬೆನ್ನು ತಾನಾಗಿ ಬಾಗಿತು, ಅದೂ ಎಲ್ಲರಿಗಿಂತ ಒಂದು ಗೇಣು ಹೆಚ್ಚೇ. ಅಷ್ಟು ಬಾಗಿದವನು ಒಪ್ಪಿಲ್ಲ ಎನ್ನುವಂತಿಲ್ಲ. ತಲೆಯೆತ್ತುವ ಹೊತ್ತಿಗೆ ಚಪ್ಪಾಳೆ ಶುರುವಾಗಿತ್ತು.

ಹೀಗೆ ಸ್ನಾನಕ್ಕೆ ಬಂದವರಿಗೆ ಸ್ಥಾನ ಸಿಕ್ಕಿತು.

ಮೊದಲೆರಡು ದಿನ ಇನೊಮತಾ ಅವರು ಮುಖ ಊದಿಸಿಕೊಂಡಿದ್ದರು. ಮೂರನೆಯ ದಿನ ಪಂಪು ಕೆಟ್ಟಿತು. ಅವರು ಟಾರ್ಚು ಹಿಡಿದು ಕೆಳಗಿಳಿದು, ಪಂಪು ರಿಪೇರಿಗೆ ಬಂದವನನ್ನು ಸುಳ್ಳು ಅರ್ಜಿದಾರನ ಹಾಗೆ ಅಡ್ಡಡ್ಡ ವಿಚಾರಿಸಿ, ಕೆಟ್ಟದ್ದು ಒಂದು ಬೋಲ್ಟು ಮಾತ್ರವೆಂದು ಒಪ್ಪಿಸಿದರು. ಸಂಜೆಯೊಳಗೆ ನೀರು ಬಂತು. ಕೊಳದಲ್ಲಿ ಎಲ್ಲರೂ "ಅಧ್ಯಕ್ಷರೇ" ಎಂದರು. ಆ ಪದ ಹಬೆಯಲ್ಲಿ ಬೆಂದು ಎಷ್ಟು ಮೆತ್ತಗೆ ಕಿವಿಗೆ ಬಿತ್ತೆಂದರೆ, ಇನೊಮತಾ ಅವರ ಜೀವಮಾನದ ಶಂಕೆ ಮೊದಲ ಬಾರಿಗೆ ಕರಗಿತು. ನೋಡಿ, ಇವರು ಮನುಷ್ಯನನ್ನು ಗುರುತಿಸಬಲ್ಲವರು. ಕವಾಗುಚಿಯಲ್ಲಿ ಇಪ್ಪತ್ತು ವರ್ಷ ಇದ್ದರೂ ಒಬ್ಬರಾದರೂ ಗುರುತಿಸಿದ್ದರೇ? ಮರುದಿನ ಬೆಳಿಗ್ಗೆ, ಸುಮಿಯೆ ಕೇಳುವ ಮೊದಲೇ, ಹಳೆಯ ಮನೆಯ ಮಾರಾಟದ ಕಾಗದಕ್ಕೆ ಅವರು ತಮ್ಮ ಕೈಯಾರೆ ಕೆಂಪು ಮೊಹರು ಒತ್ತಿ ಅಂಚೆಗೆ ಹಾಕಿ ಬಂದರು. ಕಟ್ಟಡದ ಅಧ್ಯಕ್ಷ ಕಟ್ಟಡದಲ್ಲಿಲ್ಲದೆ ಇನ್ನೆಲ್ಲಿರುತ್ತಾನೆ?

ಆ ಸಂಜೆ ಕಲ್ಲಿನ ಬಾಯಿಯ ಪಕ್ಕದ ಸಿಂಹಾಸನದಲ್ಲಿ ಅವರು ಕಣ್ಣು ಅರೆಮುಚ್ಚಿ ಕೂತಿದ್ದರು. ಒಂದು ಕಡೆ ಕೊಗುರೆ ಅಜ್ಜ, ಇನ್ನೊಂದು ಕಡೆ ಮಾಗೋಮೆ ಮೇಷ್ಟ್ರು. ಗೋಡೆಯಾಚೆ ಹೆಂಗಸರ ಮಾತು. ಇಂಥ ಹೊತ್ತಿನಲ್ಲಿ ಯಾವ ಗಂಡಸಿಗಾದರೂ ಒಂದು ದೌರ್ಬಲ್ಯ ಬರುತ್ತದೆ. ತನ್ನ ಹಿರಿಮೆಯನ್ನು ಹೆಂಡತಿಯ ಬಾಯಿಂದ ಕೇಳಬೇಕು, ಅದೂ ನಾಲ್ಕು ಜನರ ಎದುರಿಗೆ.

"ಲೇ, ಸುಮಿಯೆ," ಎಂದು ಅವರು ಗೋಡೆಯ ಮೇಲಿಂದ ದನಿ ಹಾಯಿಸಿದರು.

"ಏನ್ರೀ?"

"ಒಂದು ಮಾತು ಕೇಳ್ತೀನಿ, ನಿಜ ಹೇಳು. ಇಷ್ಟು ದೊಡ್ಡ ಕಟ್ಟಡ, ಇಷ್ಟು ಜನ. ಇಷ್ಟರಲ್ಲಿ ಇವರು ಅಧ್ಯಕ್ಷಗಿರಿಗೆ ನನ್ನನ್ನೇ ಯಾಕೆ ಆರಿಸಿರಬೇಕು?"

ಈಚೆ ಕೊಗುರೆ ಅಜ್ಜ ಏನೋ ನೆನಪಾದವರಂತೆ ಚಾವಣಿ ನೋಡಿದರು. ಮಾಗೋಮೆ ಮೇಷ್ಟ್ರು ಮೂಗಿನವರೆಗೆ ನೀರಿಗಿಳಿದರು.

"ಬಂದ ವಾರದಲ್ಲೇ ನನ್ನನ್ನ ಕೇಳಿದ್ರು ರೀ," ಎಂದಿತು ಸುಮಿಯೆಯ ದನಿ, ಹೆಂಚುಬಿಲ್ಲೆಗಳ ಮೇಲೆ ಸ್ಪಷ್ಟವಾಗಿ ಮೊಳಗುತ್ತ. "ನನಗೆಲ್ಲಿ ಪುರುಸೊತ್ತು, ನಮ್ಮನೇಲಿ ಒಬ್ರು ಖಾಲಿ ಕೂತಿದಾರೆ, ಬೇಕಾದ್ರೆ ಅವರನ್ನ ತಗೊಳ್ಳಿ ಅಂದೆ. 'ಬೇರೆ ಯಾರೂ ಇಲ್ವಾ?' ಅಂತ ಎರಡು ಸಲ ಕೇಳಿದ್ರು, ಪಾಪ."